ಅಂಟಿಸುವ ವಿದ್ಯೆ

ಕರ್ಲ್ ಎಂಬ ಕಮಾಂಡ್ ಲೈನ್ ಉಪಕರಣದಿಂದ ಒಂದು ಸರ್ವರಿಗೆ ಕುಕಿಯನ್ನು ಕಳುಹಿಸುವುದು ಹೇಗೆಂದು ಬಂಟ್ವಾಳದಲ್ಲಾಗಲಿ, ಬೆಳ್ತಂಗಡಿಯಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ ಕಂಪ್ಯೂಟರ್ ವಿಜ್ಞಾನವನ್ನು ಕಲಿಯುತ್ತಿರುವ ತರುಣ ತರುಣಿಯರನ್ನು ಕೇಳಿ ನೋಡಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಬ್ರೌಸರಿನಲ್ಲಿ ಲಾಗಿನ್ ಆಗುವುದು, ಎಫ್12 ಒತ್ತುವುದು, ನೆಟ್‌ವರ್ಕ್ ಟ್ಯಾಬಿನಲ್ಲಿ ಬೇಕಾದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಕರ್ಲ್’ ಎಂಬುದನ್ನು ಆರಿಸುವುದು, ಟರ್ಮಿನಲ್ಲಿಗೆ ಬಂದು ಪೇಸ್ಟ್ ಮಾಡುವುದು. ಅಲ್ಲಿಗೆ ವಿದ್ಯೆ ಸಂಪೂರ್ಣವಾಯಿತು. ಹಾಗೆ ಅಂಟಿಸಿದ ಆ ದೀರ್ಘವಾದ ಅಕ್ಷರರಾಶಿಯಲ್ಲಿ ಏನೇನು ಅಡಗಿದೆ, ಅದು ಯಾರ ಅಧಿಕಾರವನ್ನು ಹೊತ್ತು ಯಾರ ಬಾಗಿಲಿಗೆ ಹೋಗುತ್ತಿದೆ ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ ನಮ್ಮೂರಿನ ಮಾತಿನಲ್ಲಿಯೇ ಸಮಾಧಾನ ಸಿದ್ಧವಾಗಿರುತ್ತದೆ: “ವರ್ಕ್ ಆಗ್ತದಲ್ಲ ಮಾರಾಯ್ರೆ, ಮತ್ತೆಂತ?” ವಿದ್ಯಾರ್ಥಿಗಳು ಹೀಗೆನ್ನುವುದು ಕ್ಷಮ್ಯ. ಅಧ್ಯಾಪಕರು ಹೀಗೆನ್ನುತ್ತಾರೆ, ಸಣ್ಣ ಸಾಫ್ಟ್‌ವೇರ್ ಕಚೇರಿಗಳ ಯಜಮಾನರು ಹೀಗೆನ್ನುತ್ತಾರೆ, ಅಚ್ಚಾದ ಲ್ಯಾಬ್ ಮ್ಯಾನುವಲ್ಲುಗಳೂ ಬೇರೆ ಶಬ್ದಗಳಲ್ಲಿ ಇದನ್ನೇ ಅನ್ನುತ್ತವೆ. ಇಷ್ಟು ಮಂದಿ ಇಷ್ಟು ನೆಮ್ಮದಿಯಿಂದ ಒಪ್ಪಿಕೊಂಡಿರುವ ಈ ಅಭಿಪ್ರಾಯವು ಅಜ್ಞಾನಮೂಲವಾದುದು ಮಾತ್ರವಲ್ಲ, ಅಪಾಯಕರವಾದುದೂ ಹೌದೆಂಬುದು ನನ್ನ ಆರೋಪ.

ನಮ್ಮ ವೈವಾ ಪರೀಕ್ಷೆಗಳಲ್ಲಿ ಬಹುಕಾಲದಿಂದ ರಾಜ್ಯಭಾರ ಮಾಡುತ್ತಿರುವ ಸೂತ್ರವೊಂದರಿಂದಲೇ ಪ್ರಾರಂಭಿಸೋಣ. ‘ಕುಕಿ ಎಂದರೆ ಬ್ರೌಸರು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಚಿಕ್ಕ ಟೆಕ್ಸ್ಟ್ ಫೈಲು.’ ಪರೀಕ್ಷಕರು ಕೇಳುವುದು ಇದನ್ನು, ವಿದ್ಯಾರ್ಥಿಗಳು ಒಪ್ಪಿಸುವುದು ಇದನ್ನು, ಅಂಕಗಳು ಬೀಳುವುದೂ ಇದಕ್ಕೇ. ಬ್ರೌಸರಿನ ಹಂಗೇ ಇಲ್ಲದ ಕರ್ಲ್ ಕುಕಿಯನ್ನು ಸ್ವೀಕರಿಸುತ್ತದೆ, ಹಿಂದಿರುಗಿಸುತ್ತದೆ, ಬೇಕಾದರೆ ಒಂದು ಫೈಲನ್ನೂ ಮುಟ್ಟದೆ ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಂಡು ಕಾರ್ಯವನ್ನು ಮುಗಿಸುತ್ತದೆ ಎಂಬ ಪ್ರತ್ಯಕ್ಷ ಪ್ರಮಾಣದ ಮುಂದೆ ಈ ಸೂತ್ರವು ಒಂದು ಕ್ಷಣವಾದರೂ ನಿಂತೀತೇ? ಎಚ್‌ಟಿಟಿಪಿಗೆ ಸ್ವಭಾವತಃ ಜ್ಞಾಪಕಶಕ್ತಿಯಿಲ್ಲ. ಒಂದು ಕ್ಷಣದ ಹಿಂದೆ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವನೂ ಮರುಕ್ಷಣದಲ್ಲಿ ಅದಕ್ಕೆ ಅಪರಿಚಿತನೇ. ಈ ಕೊರತೆಯನ್ನು ತುಂಬುವುದಕ್ಕಾಗಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬಾತನು ರೂಪಿಸಿದ ಉಪಾಯವೇ ಕುಕಿ. ಸರ್ವರು ತನ್ನ ಉತ್ತರದ ಶಿರೋಭಾಗದಲ್ಲಿ ‘ಸೆಟ್-ಕುಕಿ’ ಎಂಬ ಸಾಲೊಂದನ್ನು ಬರೆದು ಕಳುಹಿಸುತ್ತದೆ. ಕೇಳುವವನು ಮುಂದಿನ ಪ್ರತಿಯೊಂದು ವಿನಂತಿಯಲ್ಲಿಯೂ ‘ಕುಕಿ’ ಎಂಬ ಸಾಲಿನಲ್ಲಿ ಅದನ್ನು ಮರಳಿ ತೋರಿಸುತ್ತಾನೆ. ತೋರಿಸಿದವನೇ ಆ ವ್ಯಕ್ತಿಯೆಂದು ಸರ್ವರು ನಂಬುತ್ತದೆ. ಪಾಸ್‌ವರ್ಡನ್ನು ಪುನಃ ಕೇಳುವುದಿಲ್ಲ, ಮೊಬೈಲಿಗೆ ಒ.ಟಿ.ಪಿ.ಯನ್ನು ಪುನಃ ಕಳುಹಿಸುವುದಿಲ್ಲ, ಮುಖವನ್ನಂತೂ ನೋಡುವುದೇ ಇಲ್ಲ. ಲಾಗಿನ್ ಆದ ಮನುಷ್ಯನ ಸಮಸ್ತ ಅಧಿಕಾರವೂ ಆ ಒಂದು ಸಾಲಿನಲ್ಲಿ ಸಂಕ್ಷೇಪಗೊಂಡಿರುವಾಗ ಅದನ್ನು ‘ಚಿಕ್ಕ ಟೆಕ್ಸ್ಟ್ ಫೈಲು’ ಎಂದು ಕಲಿಸುವವರು ಸಹಿ ಮಾಡಿದ ಖಾಲಿ ಚೆಕ್ಕನ್ನು ‘ಚಿಕ್ಕ ಕಾಗದದ ಚೂರು’ ಎಂದು ಕಲಿಸಿದಂತಾಗಲಿಲ್ಲವೇ?

ಸರ್ವರು ಕುಕಿಯನ್ನು ಕೊಡುವಾಗ ಹೆಸರನ್ನೂ ಮೌಲ್ಯವನ್ನೂ ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ. ಇದು ಯಾವ ಡೊಮೇನಿಗೆ ಸೇರಿದ್ದು, ಅದರ ಉಪಡೊಮೇನುಗಳಿಗೂ ಸಲ್ಲುವುದೇ, ಯಾವ ಪಥದಲ್ಲಿ ಮಾನ್ಯ, ಗೂಢಲಿಪಿಯ ಎಚ್‌ಟಿಟಿಪಿಎಸ್ ಮಾರ್ಗದಲ್ಲಿ ಮಾತ್ರ ಸಂಚರಿಸತಕ್ಕದ್ದೇ, ಯಾವ ಕಾಲದವರೆಗೆ ಜೀವಂತ ಎಂಬ ನಿಬಂಧನೆಗಳನ್ನೂ ಜೊತೆಯಲ್ಲಿಯೇ ವಿಧಿಸಿರುತ್ತದೆ. ಕರ್ಲ್‌ನಲ್ಲಿ ‘-ಸಿ’ ಎಂಬ ಆಯ್ಕೆಯನ್ನು ಒಂದು ಫೈಲಿನ ಹೆಸರಿನೊಡನೆ ಪ್ರಯೋಗಿಸಿದರೆ ಈ ನಿಬಂಧನೆಗಳೆಲ್ಲವೂ ಹೆಸರು, ಮೌಲ್ಯಗಳೊಡನೆ ಟ್ಯಾಬಿನಿಂದ ಬೇರ್ಪಟ್ಟ 7 ಅಂಕಣಗಳಾಗಿ ಆ ಫೈಲಿನಲ್ಲಿ ಸಾಲುಗೊಳ್ಳುತ್ತವೆ. ‘-ಬಿ’ ಎಂಬ ಆಯ್ಕೆಯಿಂದ ಅದೇ ಫೈಲನ್ನು ಮರಳಿ ಓದಿಸಿದರೆ ಕರ್ಲ್ ಆ ನಿಬಂಧನೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಲ್ಲತಕ್ಕ ಕಡೆಗೆ ಸಲ್ಲತಕ್ಕ ಕುಕಿಯನ್ನು ಮಾತ್ರ ಕಳುಹಿಸುತ್ತದೆ. ನೆಟ್‌ಸ್ಕೇಪ್ ಬ್ರೌಸರು ಗತಿಸಿ ಎಷ್ಟೋ ಕಾಲವಾದರೂ ಅದರ ಹೆಸರಿನ ಶಿರೋನಾಮೆ ಈ ಫೈಲಿನ ಮೊದಲ ಸಾಲಿನಲ್ಲಿ ಇಂದಿಗೂ ಉಳಿದಿದೆ. ಪ್ರಾಚೀನ ಶಾಸನಗಳನ್ನು ಓದಿ ಅಭ್ಯಾಸವುಳ್ಳ ನಾಡಿನವರು ಇದನ್ನೂ ಒಮ್ಮೆ ಓದಬಹುದಿತ್ತು.

ಅಂಟಿಸುವ ವಿದ್ಯೆಯು ಮಾಡುವುದೇನು? ‘-ಬಿ’ಯ ಮುಂದೆ ಉದ್ಧರಣ ಚಿಹ್ನೆಗಳ ನಡುವೆ ಹೆಸರು, ಸಮಚಿಹ್ನೆ, ಮೌಲ್ಯ ಎಂದು ಬರೆದ ಕೂಡಲೆ 7 ಅಂಕಣಗಳಲ್ಲಿ 5 ನಷ್ಟವಾಗಿ 2 ಮಾತ್ರ ಉಳಿಯುತ್ತವೆ. ಡೊಮೇನು ಹೋಯಿತು, ಪಥ ಹೋಯಿತು, ಅವಧಿ ಹೋಯಿತು. ಸುರಕ್ಷಿತ ಮಾರ್ಗದಲ್ಲಿ ಮಾತ್ರ ಹೋಗತಕ್ಕದ್ದೆಂಬ ಕಟ್ಟಳೆಯೂ ಹೋಯಿತು. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಎಂಬುದರ ಕೊನೆಯ ಅಕ್ಷರವೊಂದು ತಪ್ಪಿ ಬಿಟ್ಟುಹೋದರೆ, ಫೈಲಿನಲ್ಲಿದ್ದ ಸುರಕ್ಷಿತ ಕುಕಿಯನ್ನು ಕರ್ಲ್ ಕಳುಹಿಸದೆ ತಡೆಹಿಡಿಯುತ್ತಿತ್ತು; ಕೈಯಿಂದ ಅಂಟಿಸಿದ ಕುಕಿಯನ್ನಾದರೋ ಅದು ಬಸ್ಸು ನಿಲ್ದಾಣದ ಉಚಿತ ವೈ-ಫೈಯ ಮೇಲೆ ಸ್ಪಷ್ಟಲಿಪಿಯಲ್ಲಿ ಹೊರಗೆ ಹಾಕಿಬಿಡುತ್ತದೆ. ಅದರದೇನು ತಪ್ಪು? ಹಾಕೆಂದವರು ನಾವು. ಸರ್ವರು ವಿವೇಕದಿಂದ ಕಟ್ಟಿದ ಬೇಲಿಯನ್ನೆಲ್ಲ ಕಿತ್ತು ಎಸೆದು ‘ಸುಲಭವಾಯಿತು’ ಎಂದು ಹೆಮ್ಮೆಪಡುವ ಈ ಕೌಶಲಕ್ಕೆ ನಾವು ಪ್ರಾಯೋಗಿಕ ಜ್ಞಾನವೆಂಬ ಬಿರುದನ್ನೂ ದಯಪಾಲಿಸಿದ್ದೇವೆ.

ಇದೆಲ್ಲ ತರ್ಕದ ಭಯವೆಂದು ನಗುವವರು 2019ರ ನವೆಂಬರಿನ ಪ್ರಕರಣವನ್ನು ಕೇಳಬೇಕು. ಸಾಫ್ಟ್‌ವೇರಿನ ಭದ್ರತಾದೋಷಗಳನ್ನು ಕಂಡುಹಿಡಿದವರಿಂದ ವರದಿಗಳನ್ನು ಸ್ವೀಕರಿಸಿ ಬಹುಮಾನ ಕೊಡಿಸುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿರುವ ಹ್ಯಾಕರ್‌ಒನ್ ಎಂಬ ಪ್ರಖ್ಯಾತ ಸಂಸ್ಥೆಯ ಭದ್ರತಾ ವಿಶ್ಲೇಷಕರೊಬ್ಬರು, ವರದಿ ಮಾಡಿದ ವ್ಯಕ್ತಿಯೊಡನೆ ಪತ್ರವ್ಯವಹಾರ ನಡೆಸುತ್ತಿದ್ದಾಗ, ಬ್ರೌಸರಿನಿಂದ ನಕಲಿಸಿದ ಒಂದು ಕರ್ಲ್ ಆಜ್ಞೆಯನ್ನು ಹಾಗೆಯೇ ಅಂಟಿಸಿ ಕಳುಹಿಸಿದರು. ಅದರೊಳಗೆ ಅವರ ಸ್ವಂತದ, ಜೀವಂತವಾದ ಸೆಷನ್ ಕುಕಿ ಇತ್ತು. ಅದನ್ನು ಪಡೆದಾತನು ಆ ವಿಶ್ಲೇಷಕರ ಹೆಸರಿನಲ್ಲಿಯೇ ಒಳಗೆ ಹೋಗಿ, ಅವರು ನೋಡಬಹುದಾಗಿದ್ದ ಗುಪ್ತ ವರದಿಗಳನ್ನು ನೋಡಿದನು. ಪುಣ್ಯಕ್ಕೆ ಅವನೇ ಸಂಸ್ಥೆಗೆ ತಿಳಿಸಿದನು. ಸಂಸ್ಥೆಯು ಅವನಿಗೆ 20,000 ಡಾಲರ್ ಬಹುಮಾನ ಕೊಟ್ಟು ಪ್ರಕರಣವನ್ನು ಬಹಿರಂಗವಾಗಿ ಪ್ರಕಟಿಸಿತು. ಭದ್ರತೆಯೇ ಉದ್ಯೋಗವಾಗಿದ್ದವರ ಗತಿ ಇದಾದರೆ, ಐದನೆಯ ಸೆಮಿಸ್ಟರಿನ ಹುಡುಗರ ಪಾಡೇನು? 2023ರಲ್ಲಿ ಓಕ್ಟಾ ಎಂಬ ಸಂಸ್ಥೆಯ ಗ್ರಾಹಕ ಸಹಾಯ ವ್ಯವಸ್ಥೆಯೊಳಕ್ಕೆ ನುಗ್ಗಿದವರು 134 ಗ್ರಾಹಕ ಸಂಸ್ಥೆಗಳ ಫೈಲುಗಳನ್ನು ನೋಡಿದರು. ಅವುಗಳಲ್ಲಿ ಕೆಲವು, ದೋಷಪರಿಶೀಲನೆಗೆಂದು ಗ್ರಾಹಕರೇ ಬ್ರೌಸರಿನಿಂದ ಇಳಿಸಿ ಕೊಟ್ಟಿದ್ದ, ವಿನಂತಿ-ಉತ್ತರಗಳ ದಾಖಲೆಯಾದ ಹಾರ್ ಫೈಲುಗಳು. ಅವುಗಳೊಳಗಿನ ಸೆಷನ್ ಟೋಕನ್ನುಗಳಿಂದ 5 ಗ್ರಾಹಕರ ಸೆಷನ್ನುಗಳನ್ನು ಅಪಹರಿಸಲಾಯಿತು. ಎರಡು ಪ್ರಸಂಗಗಳಲ್ಲಿಯೂ ಸೆಷನ್ನನ್ನು ಅಪಹರಿಸಲು ಪಾಸ್‌ವರ್ಡು ಮುರಿಯಬೇಕಾಗಿ ಬರಲಿಲ್ಲ. ಬೇಕಾದುದೆಲ್ಲ ನಕಲಿನೊಳಗೆ ಸಿದ್ಧವಾಗಿಯೇ ಇತ್ತು.

ಈಗ ನಮ್ಮ ಲ್ಯಾಬುಗಳ ಕಡೆಗೆ ತಿರುಗೋಣ. ಒಂದು ಯಂತ್ರವನ್ನು ಬೆಳಗಿನ ಬ್ಯಾಚಿನವರೂ ಮಧ್ಯಾಹ್ನದ ಬ್ಯಾಚಿನವರೂ ಒಂದೇ ಯೂಸರ್ ಹೆಸರಿನಿಂದ ಬಳಸುವ ಪದ್ಧತಿ ನಮ್ಮಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಟರ್ಮಿನಲ್ಲಿನಲ್ಲಿ ಬರೆದ ಆಜ್ಞೆಯು ಸಾಮಾನ್ಯವಾಗಿ ಬ್ಯಾಶ್‌ನ ಹಿಸ್ಟರಿ ಫೈಲಿನಲ್ಲಿ ದಾಖಲಾಗುತ್ತದೆ. ಉಬುಂಟುವಿನ ಮೂಲಸ್ಥಿತಿಯಲ್ಲಿ ಅದು 2,000 ಸಾಲುಗಳನ್ನು ಕಾಪಾಡಿಕೊಂಡಿರುತ್ತದೆ. ಬೆಳಗಿನ ವಿದ್ಯಾರ್ಥಿನಿಯು ಹಾಜರಾತಿಯ ಪೋರ್ಟಲ್ಲಿಗೋ ತನ್ನ ಇಮೇಲಿಗೋ ಅಂಟಿಸಿದ ಕುಕಿಯನ್ನು ಮಧ್ಯಾಹ್ನದವನು ಮೇಲ್ಮುಖ ಬಾಣದ ಕೀಲಿಯನ್ನು ನಾಲ್ಕು ಬಾರಿ ಒತ್ತಿ ಓದಬಲ್ಲನು. ಆಜ್ಞೆಯು ಇನ್ನೂ ನಡೆಯುತ್ತಿರುವಾಗಲಂತೂ ಅದೇ ಯಂತ್ರಕ್ಕೆ ಪ್ರವೇಶವುಳ್ಳ ಬೇರೊಬ್ಬನು ‘ಪಿ.ಎಸ್.’ ಎಂಬ ಎರಡಕ್ಷರದ ಆಜ್ಞೆಯಿಂದ ಅದರ ಪೂರ್ಣಪಾಠವನ್ನು ಪಡೆಯಬಹುದು. ಇನ್ನು ವಾಟ್ಸ್ಆ್ಯಪ್ ಗುಂಪುಗಳ ಔದಾರ್ಯವನ್ನು ಏನೆಂದು ವರ್ಣಿಸಲಿ! ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿ.ಟಿ.ಯು.) ಫಲಿತಾಂಶ ಬರುವ ದಿನ ಇಡೀ ತರಗತಿಯ ಅಂಕಗಳನ್ನು ಒಮ್ಮೆಗೇ ತರುವ ಸ್ಕ್ರಿಪ್ಟು ಬರೆಯುವ ಉತ್ಸಾಹಿಗಳು ಎಲ್ಲ ಕಡೆಯೂ ಇದ್ದಾರೆ. ಉತ್ಸಾಹವನ್ನು ನಾನು ನಿಂದಿಸಲಾರೆ, ಆದರೆ ಕುಕಿಯು ಸ್ಕ್ರಿಪ್ಟಿನೊಳಗೇ ಬೆರೆತಿರುವ ಪಾಠವು ಗುಂಪಿನಿಂದ ಗುಂಪಿಗೆ ಫಾರ್ವರ್ಡ್ ಆಗುವ ಅಭ್ಯಾಸವು ಅಂದು ಹುಟ್ಟಿ ಮುಂದೆ ಉದ್ಯೋಗದ ಸ್ಥಳಕ್ಕೂ ಬೆನ್ನು ಹತ್ತುತ್ತದೆ. ಇಂದು ಫಲಿತಾಂಶದ ಕುಕಿ. ನಾಳೆ ಕಚೇರಿಯ ಸಂಬಳದ ಪೋರ್ಟಲ್ಲಿನ ಅಡ್ಮಿನ್ ಕುಕಿ.

ಅಂಟಿಸುವವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿದೆ: ಸಣ್ಣಕ್ಷರದ ‘-ಕೆ’. ಕಾಲೇಜಿನ ಫೈರ್‌ವಾಲು ನಡುವೆ ನಿಂತು ತನ್ನದೇ ಪ್ರಮಾಣಪತ್ರವನ್ನು ತೋರಿಸುವಾಗ ಕರ್ಲ್ ‘ಇದು ನಂಬಲರ್ಹವಲ್ಲ’ ಎಂದು ನ್ಯಾಯವಾಗಿಯೇ ಹಟ ಹಿಡಿಯುತ್ತದೆ. ಅದರ ಬಾಯಿ ಮುಚ್ಚಿಸುವ ಮಂತ್ರವೇ ಆ ‘-ಕೆ’. ಪ್ರಮಾಣಪತ್ರವನ್ನು ಪರೀಕ್ಷಿಸಬೇಡವೆಂಬುದು ಅದರ ಅರ್ಥ. ಎದುರಿಗಿರುವವನು ಯಾರೆಂದು ವಿಚಾರಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಅದೇ ಉಸಿರಿನಲ್ಲಿ ತನ್ನ ಗುರುತಿನ ಕುಕಿಯನ್ನು ಅವನ ಕೈಗೆ ಒಪ್ಪಿಸುವ ಆಜ್ಞೆಯನ್ನು ಮಾದರಿಯೆಂದು ಅಚ್ಚುಹಾಕಿಸುವವರಿಗೆ ಏನೆನ್ನೋಣ?

ಇಷ್ಟೆಲ್ಲ ಹೇಳಿದ ಮೇಲೂ ಪ್ರತಿಪಕ್ಷದವರು ಮೂರು ಸಮಾಧಾನಗಳನ್ನು ಮುಂದಿಡುತ್ತಾರೆ. ‘ಇದು ಬರಿಯ ಟೆಸ್ಟಿಂಗಿಗೆ’ ಎಂಬುದು ಮೊದಲನೆಯದು. ಟೆಸ್ಟಿಂಗಿಗಾದರೆ ಟೆಸ್ಟಿಂಗಿನ ಖಾತೆಯ ಕುಕಿಯನ್ನು ಬಳಸುವಿರಾ ಎಂದು ಕೇಳಿದರೆ ಮೌನ. ಏಕೆಂದರೆ ಬ್ರೌಸರಿನಲ್ಲಿ ತೆರೆದಿದ್ದುದು ಸ್ವಂತ ಖಾತೆ, ಅಂಟಿದ್ದೂ ಅದೇ. ‘ಕುಕಿ ಹೇಗೂ ಎಕ್ಸ್‌ಪೈರ್ ಆಗ್ತದೆ’ ಎಂಬುದು ಎರಡನೆಯದು. ಬ್ರೌಸರನ್ನು ಮುಚ್ಚಿದಾಗ ಬ್ರೌಸರು ಮರೆಯತಕ್ಕ ಸೆಷನ್ ಕುಕಿಯನ್ನು ಕರ್ಲ್ ತನ್ನ ಫೈಲಿನಲ್ಲಿ ಅವಧಿಯ ಅಂಕಣದಲ್ಲಿ ಸೊನ್ನೆಯನ್ನು ಬರೆದು ಇಟ್ಟುಕೊಂಡಿರುತ್ತದೆ, ‘-ಜೆ’ ಎಂಬ ಆಯ್ಕೆಯಿಂದ ಬಿಸಾಡೆಂದು ಹೇಳದ ಹೊರತು ಮುಂದಿನ ಬಾರಿಯೂ ಕಳುಹಿಸುತ್ತದೆ. ಸರ್ವರು ತಾನಾಗಿ ಆ ಸೆಷನ್ನನ್ನು ರದ್ದುಮಾಡುವವರೆಗೆ ಅದು ಸಾಯುವುದಿಲ್ಲ. ಕೈಯಿಂದ ಅಂಟಿಸಿದ ಸಾಲಿಗಂತೂ ಅವಧಿಯೆಂಬುದರ ಗಂಧವೇ ಇಲ್ಲವೆಂದು ಮೇಲೆ ನೋಡಿದ್ದೇವೆ. ಎಕ್ಸ್‌ಪೈರ್ ಆಗುವುದೆಂದು ಹೇಳುವವರಲ್ಲಿ ಎಷ್ಟು ಮಂದಿ ಆ ದಿನಾಂಕವನ್ನು ಒಮ್ಮೆಯಾದರೂ ಓದಿದ್ದಾರೆ? ಮೂರನೆಯ ಸಮಾಧಾನವು ನಮ್ಮ ಜಿಲ್ಲೆಯ ವಿನಯದಿಂದ ಹುಟ್ಟಿದ್ದು: ‘ಬೆಳ್ತಂಗಡಿಯ ನಮ್ಮನ್ನು ಯಾರು ಹ್ಯಾಕ್ ಮಾಡ್ತಾರೆ?’ ಕದ್ದ ಕುಕಿಗೆ ತಾಲೂಕು ಯಾವುದೆಂದು ಯಾವ ಸರ್ವರೂ ಕೇಳುವುದಿಲ್ಲ. ಉಜಿರೆಯಿಂದಲೋ ಬಿ.ಸಿ. ರೋಡಿನಿಂದಲೋ ದೂರದ ಗ್ರಾಹಕರ ಸರ್ವರನ್ನು ನೋಡಿಕೊಳ್ಳುವ ತರುಣನ ಕೈಯಲ್ಲಿರುವ ಕುಕಿ ಆ ಗ್ರಾಹಕನ ಬಾಗಿಲನ್ನೇ ತೆರೆಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮು ಬೇರೊಬ್ಬರ ಪಾಸ್‌ವರ್ಡ್ ಅಥವಾ ಅಂತಹ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸಿದವರಿಗೆ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ‘ಗುಂಪಿನಲ್ಲಿ ಬಂದಿತ್ತು, ಪೇಸ್ಟ್ ಮಾಡಿ ನೋಡಿದೆ’ ಎಂಬ ಹುಡುಗನ ಮುಗ್ಧತೆಯನ್ನು ಪೋಲೀಸ್ ಠಾಣೆಯಲ್ಲಿ ಸಮರ್ಥಿಸಲು ಆಗ ಅಂಟಿಸಲು ಕಲಿಸಿದ ಗುರುಗಳು ಬರುವರೇನು?

ಅಂಟಿಸುವ ವಿದ್ಯೆಯು ಉಪಕರಣದ ಜ್ಞಾನವನ್ನೂ ಕೊಂದಿದೆ. ‘-ಬಿ’ ಓದುವುದಕ್ಕೆ, ‘-ಸಿ’ ಬರೆಯುವುದಕ್ಕೆ ಎಂಬ ಪ್ರಥಮ ಪಾಠವೇ ತಿಳಿಯದೆ, ‘-ಬಿ’ಯೊಂದನ್ನೇ ಬಳಸಿ, ಲಾಗಿನ್ ಆದರೂ ಫೈಲಿನಲ್ಲಿ ಏನೂ ಸೇರಲಿಲ್ಲವೆಂದು ಕರ್ಲ್ ಅನ್ನು ಬೈಯುವವರು ಎಷ್ಟು ಮಂದಿ! ಲಾಗಿನ್ ಪುಟವು ಕುಕಿಯನ್ನು ಕೊಟ್ಟ ಕೂಡಲೆ ಬೇರೆ ಪುಟಕ್ಕೆ ಹೋಗೆಂದು ನಿರ್ದೇಶಿಸುತ್ತದೆ, ಆ ನಿರ್ದೇಶವನ್ನು ಅನುಸರಿಸಲು ದೊಡ್ಡಕ್ಷರದ ‘-ಎಲ್’ ಬೇಕು ಎಂಬುದು ತಿಳಿಯದೆ ಖಾಲಿ ಪುಟವನ್ನು ನೋಡಿ ಬೆರಗಾಗುವವರು ಇನ್ನೆಷ್ಟು! ಆ ಫೈಲಿನಲ್ಲಿ ‘#’ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಟಿಪ್ಪಣಿಗಳೆಂದು ಎಲ್ಲರೂ ಬಲ್ಲರು; ಆದರೆ ಅದೇ ಚಿಹ್ನೆಯ ಬೆನ್ನಿಗೆ ‘ಎಚ್‌ಟಿಟಿಪಿ-ಓನ್ಲಿ’ ಎಂಬ ಪೂರ್ವಪದವುಳ್ಳ ಸಾಲು ಟಿಪ್ಪಣಿಯಲ್ಲ, ಬ್ರೌಸರಿನ ಸ್ಕ್ರಿಪ್ಟುಗಳ ಕಣ್ಣಿಗೆ ಬೀಳಬಾರದೆಂದು ಸರ್ವರು ಗುರುತುಹಾಕಿದ ಕುಕಿ, ಅನೇಕ ಸಂದರ್ಭಗಳಲ್ಲಿ ಸೆಷನ್ನಿನ ಜೀವವೇ ಅದು. ಶುಚಿತ್ವದ ಹುಮ್ಮಸ್ಸಿನಲ್ಲಿ ಅದನ್ನು ಅಳಿಸಿಹಾಕಿ, ಬಳಿಕ ‘ಕುಕಿ ಫೈಲು ವರ್ಕ್ ಆಗುವುದಿಲ್ಲ, ಪೇಸ್ಟೇ ಒಳ್ಳೇದು’ ಎಂದು ತೀರ್ಪು ಕೊಡುತ್ತಾರೆ. ವಿಂಡೋಸಿನವರ ಕಥೆ ಇನ್ನೂ ವಿನೋದದ್ದು. 2018ರಿಂದ ವಿಂಡೋಸ್ 10ರೊಡನೆಯೇ ನಿಜವಾದ ಕರ್ಲ್ ಬರುತ್ತದೆಯಾದರೂ, ಅದರೊಡನಿರುವ ಹಳೆಯ ಪವರ್‌ಶೆಲ್ಲಿನಲ್ಲಿ ಆ ಹೆಸರು ಬೇರೊಂದು ಆಜ್ಞೆಗೆ ಅಡ್ಡಹೆಸರಾಗಿ ಕುಳಿತಿದೆ. ಹೆಸರಿನ ಕೊನೆಗೆ ‘ಡಾಟ್ ಇ.ಎಕ್ಸ್.ಇ.’ ಎಂದು ಸೇರಿಸಿದರೆ ತೀರುವ ತೊಡಕಿಗೆ ಒಂದು ಗಂಟೆಯ ಲ್ಯಾಬು ಬಲಿಯಾಗುತ್ತದೆ. 1998ರ ಮಾರ್ಚಿನಲ್ಲಿ ಈ ಹೆಸರನ್ನು ಪಡೆದು, ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಮತ್ತು ಅವರ ಸಹಕಾರಿಗಳ ಶ್ರಮದಿಂದ ಅಂದಿನಿಂದಲೂ ಬೆಳೆಯುತ್ತ ಬಂದು, ಫೋನುಗಳಲ್ಲಿಯೂ ಟಿ.ವಿ.ಗಳಲ್ಲಿಯೂ ಮೋಟಾರು ಕಾರುಗಳಲ್ಲಿಯೂ ಸೇರಿಕೊಂಡಿರುವ ಉಪಕರಣವೊಂದರ ವಿಷಯದಲ್ಲಿ ನಮ್ಮ ಪದವೀಧರರ ಪಾಂಡಿತ್ಯ ಇಷ್ಟಕ್ಕೆ ನಿಂತಿದೆ.

ಭಾಷೆಯೇ ಅಡ್ಡಿಯೆಂಬ ನೆಪವೂ ಕೇಳಿಬರುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಮಕ್ಕಳು ಓದಲಾರರು, ಆದ್ದರಿಂದ ಅಂಟಿಸಲಿ ಎನ್ನುತ್ತಾರೆ. ಅದ್ಭುತವಾದ ಕರುಣೆ! ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗೆ ಓದಲು ಕನ್ನಡವಿಲ್ಲವೆಂದು ಕೈಕಟ್ಟಿ ಕೂರಲಿಲ್ಲ, ತಾವೇ ಬರೆದರು. ಇದೇ ಜಿಲ್ಲೆಯ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದಕ್ಕಾಗಿ ‘ವಿಜ್ಞಾನ ಪ್ರಪಂಚ’ದ 4 ಸಂಪುಟಗಳನ್ನು ಬರೆದರು. ಕಂಪ್ಯೂಟರಿನಲ್ಲಿ ಕನ್ನಡವನ್ನು ಬೆರಳಚ್ಚಿಸಲು ನಾವು ಇಂದು ಬಳಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾಯರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. 2004ರಲ್ಲಿ ಆರಂಭವಾದ ನುಡಿಸಿರಿ ಎಂಬ ಕನ್ನಡ ಸಮ್ಮೇಳನವು ನಡೆದದ್ದೂ ಮೂಡುಬಿದಿರೆಯಲ್ಲಿಯೇ. ಇಂಥ ನೆರೆಯಲ್ಲಿ ಕುಳಿತು ಕುಕಿಯ 7 ಅಂಕಣಗಳನ್ನು ಕನ್ನಡದಲ್ಲಿ ಎರಡು ಪುಟ ವಿವರಿಸಲಾರೆವೆಂದು ಹೇಳುವುದು ಯಾರಿಗೆ ಗೌರವ? ಆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿಯೇ ಧವಲ, ಜಯಧವಲ, ಮಹಾಧವಲ ಎಂಬ ಜೈನ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಣ್ಣಿಗೆ ಎಣ್ಣೆ ಹಾಕಿಕೊಂಡು ಕಾದರು; ಪ್ರತಿ ಮಾಡಿಸುವುದಕ್ಕೆ ಒಪ್ಪಿಗೆ ದೊರೆಯುವುದೇ ದುಸ್ತರವಾಗಿತ್ತು. ಆ ಕಾವಲು ಅತಿಯಾಗಿತ್ತೆಂದು ವಾದಿಸುವವರಿಗೆ ನಾನು ಅಡ್ಡ ಬರುವುದಿಲ್ಲ, ಜ್ಞಾನವು ಹೊರಗೆ ಬರಬೇಕಾದದ್ದೇ. ನಮ್ಮ ಕಾಲದ ವೈಪರೀತ್ಯ ನೋಡಿ: ಹಂಚಬೇಕಾದ ಜ್ಞಾನವು ಮುಚ್ಚಿಯೇ ಉಳಿಯಿತು, ಮುಚ್ಚಿಡಬೇಕಾದ ಕುಕಿಯು ಗುಂಪುಗುಂಪಾಗಿ ಹಂಚಿಹೋಗುತ್ತಿದೆ.

ಆದಕಾರಣ ಈ ಮೂರು ತಾಲೂಕುಗಳ ಅಧ್ಯಾಪಕವರ್ಗವನ್ನು ನಾನು ನೇರವಾಗಿ ಕೇಳುವುದಿಷ್ಟು. ವಿದ್ಯಾರ್ಥಿಯು ಮೊದಲು ‘-ಸಿ’ಯಿಂದ ಕುಕಿಯನ್ನು ತಾನೇ ಪಡೆಯಲಿ, ಆ ಫೈಲನ್ನು ತೆರೆದು ಅಂಕಣ ಅಂಕಣವಾಗಿ ಓದಿ ಇದು ಯಾರದು, ಎಲ್ಲಿಗೆ, ಎಂದಿನವರೆಗೆ ಎಂದು ತನ್ನ ಭಾಷೆಯಲ್ಲಿ ಬರೆಯಲಿ, ಬಳಿಕ ‘-ಬಿ’ಯಿಂದ ಕಳುಹಿಸಿ, ‘-ವಿ’ಯಿಂದ ಅದು ಹೊರಡುವುದನ್ನು ಕಣ್ಣಾರೆ ಕಾಣಲಿ, ಡೊಮೇನನ್ನು ಬದಲಿಸಿ, ಸುರಕ್ಷಿತ ಕುಕಿಯಾದರೆ ಎಚ್‌ಟಿಟಿಪಿಎಸ್ ಅನ್ನು ಎಚ್‌ಟಿಟಿಪಿ ಮಾಡಿ, ಕರ್ಲ್ ಅದನ್ನು ಕಳುಹಿಸಲು ನಿರಾಕರಿಸುವುದನ್ನೂ ಕಾಣಲಿ. ಈ ಒಂದು ನಿರಾಕರಣೆಯನ್ನು ಕಂಡ ವಿದ್ಯಾರ್ಥಿಗೆ ಉಳಿದುದನ್ನು ಕಲಿಸುವುದು ಕಷ್ಟವಲ್ಲ. ಫೈಲಿನ ಅನುಮತಿಯನ್ನು 600ಕ್ಕೆ ಇಳಿಸದೆ, ಪ್ರಯೋಗದ ಕೊನೆಯಲ್ಲಿ ಸರ್ವರಿನಿಂದಲೇ ಲಾಗ್‌ಔಟ್ ಆಗಿ ಸೆಷನ್ನನ್ನು ಕೊಲ್ಲದೆ ಹೋದವರಿಗೆ ಅಂಕ ಕೊಡಬೇಡಿ. ಪ್ರತಿ ವಿದ್ಯಾರ್ಥಿಗೂ ಲ್ಯಾಬಿನಲ್ಲಿ ಪ್ರತ್ಯೇಕ ಲಾಗಿನ್ ಕೊಡಿ. ಅದಕ್ಕೆ ಹಣ ಬೇಡ, ಸಿಸ್ಟಂ ಅಡ್ಮಿನ್ನರ ಒಂದು ಮಧ್ಯಾಹ್ನ ಸಾಕು. ಬ್ರೌಸರಿನಿಂದ ನಕಲಿಸಿದ ಆಜ್ಞೆಯನ್ನು ಸಹಾಯ ಕೇಳಲೆಂದು ಯಾರಿಗಾದರೂ ಕಳುಹಿಸುವುದಿದ್ದರೆ ಕುಕಿಯ ಸಾಲನ್ನೂ ಆಥರೈಸೇಷನ್ನಿನ ಸಾಲನ್ನೂ ಕಿತ್ತ ಬಳಿಕವೇ ಎಂಬುದನ್ನು ಲ್ಯಾಬಿನ ಗೋಡೆಯ ಮೇಲೆ ದೊಡ್ಡಕ್ಷರದ ಕನ್ನಡದಲ್ಲಿ ಬರೆಸಿ. ವೈವಾದಲ್ಲಿ ಆ ‘ಚಿಕ್ಕ ಟೆಕ್ಸ್ಟ್ ಫೈಲಿ’ಗೆ ಸೊನ್ನೆ ಹಾಕುವ ಧೈರ್ಯ ಮಾಡಿ. ಮತ್ತು ಮುಂದಿನ ಸೆಮಿಸ್ಟರಿನ ಮ್ಯಾನುವಲ್ಲು ಅಚ್ಚಿನ ಮನೆಗೆ ಹೋಗುವ ಮುನ್ನ, ‘-ಕೆ’ಯನ್ನೂ ಯಾರದೋ ಸೆಷನ್ನನ್ನೂ ಒಂದೇ ಸಾಲಿನಲ್ಲಿ ಮೆರೆಸುತ್ತಿರುವ ಆ ಪುಟವನ್ನು ಹರಿದುಹಾಕಿ, ಅದರ ಸ್ಥಳದಲ್ಲಿ ನೀವೇ ಕುಳಿತು ಬರೆದ ಪುಟವನ್ನು ಸೇರಿಸಿ.